ಬ್ಲೌಸ್ ಅಂಗಡಿಗೆ ಎಷ್ಟು ಮಾರ್ಕೆಟಿಂಗ್ ಬೇಕು? ತುಮಕೂರಿನ ಒಂದು ಪ್ರಕರಣ

2025ರ ಸಂಕ್ರಾಂತಿಗೆ ತುಮಕೂರಿಗೆ ಹೋಗಿದ್ದಾಗ ನಮ್ಮ ದೊಡ್ಡಮ್ಮನ ಮಗಳು ಎಳ್ಳು-ಬೆಲ್ಲ ಕೊಟ್ಟ ಕೈಯಲ್ಲೇ ತನ್ನ ಫೋನೂ ಕೊಟ್ಟು "ನೀನು ಬೆಂಗ್ಳೂರಲ್ಲಿ ಇದೇ ಕೆಲಸ ತಾನೆ ಮಾಡೋದು, ಇದೊಂಚೂರು ನೋಡೇ, ನಂಗೆ ಇದು ಟಿಣ್ ಅಂದ್ರೆ ಸಾಕು ಎದೆ ಡವಡವ ಅನ್ನುತ್ತೆ" ಅಂದ್ಲು. ತೆಗೆದು ನೋಡಿದ್ರೆ ವಾಟ್ಸಾಪಲ್ಲಿ ಓದದೇ ಇರೋ ಚಾಟ್ ನೂರರ ಮೇಲಿದೆ, ಇನ್‌ಸ್ಟಾಗ್ರಾಮಲ್ಲಿ "ಪ್ರೈಸ್ ಪ್ಲೀಸ್" ಅಂತ ಕೇಳಿರೋ ಮೆಸೇಜುಗಳು ಎರಡು ತಿಂಗಳಿಂದ ಹಾಗೇ ಕೂತಿವೆ, ಮಧ್ಯದಲ್ಲಿ ಒಬ್ಬರು ಮದುವೆಗೆ ಆರು ಬ್ಲೌಸ್ ಹೊಲಿಸ್ಬೇಕು ಅಂತ ನವೆಂಬರಲ್ಲೇ ಕೇಳಿ, ಉತ್ತರ ಬರದೇ, ಕೊನೆಗೆ "ಇರ್ಲಿ ಬಿಡಿ" ಅಂತ ಹಾಕಿದ್ರು. ಆ "ಇರ್ಲಿ ಬಿಡಿ" ನೋಡಿ ಅಕ್ಕನ ಮುಖ ಸಪ್ಪಗಾಯ್ತು. ಆರು ಬ್ಲೌಸ್ ಅಂದ್ರೆ ಅವಳಿಗೆ ಸಣ್ಣ ವಿಷಯ ಅಲ್ಲ.

ಆಮೇಲೆ ಹತ್ತು ಹನ್ನೊಂದು ತಿಂಗಳು ನಾನು ಅವಳ ಜೊತೆ ಕೂತು ಏನೇನು ಮಾಡಿದ್ವಿ, ಯಾವುದು ಕೆಟ್ಟೋಯ್ತು, ಯಾವುದು ನಿಂತ್ಕೊಳ್ತು ಅನ್ನೋದನ್ನ ಇಲ್ಲಿ ಬರೀತಿದೀನಿ. ಸಣ್ಣ ಅಂಗಡಿ ನಡೆಸೋ ಎಷ್ಟೋ ಜನ, ಅದರಲ್ಲೂ ಒಬ್ಬರೇ ನಿಭಾಯಿಸೋ ಹೆಂಗಸರು, ಇದೇ ತೊಂದರೆಯಲ್ಲಿ ಇರೋದನ್ನ ನೋಡಿದೀನಿ, ಅದಕ್ಕೇ ಲೆಕ್ಕ ಸಮೇತ ಹೇಳ್ತೀನಿ.

ಮೊದಲು ಅಂಗಡಿ ಬಗ್ಗೆ. ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಕಡೆ ಒಂದು ಅಡ್ಡರಸ್ತೆಯಲ್ಲಿ ಒಂದೇ ಶಟರಿನ ಮಳಿಗೆ, ಹನ್ನೊಂದು ವರ್ಷದಿಂದ ಇದೆ. ಎರಡು ಪವರ್ ಮಷೀನು, ಒಂದು ಓವರ್‌ಲಾಕು, ಹೆಮ್ಮಿಂಗ್ ಮಾಡಿ ಹುಕ್ಕು ಹಾಕೋಕೆ ಇಬ್ಬರು ಹೆಂಗಸರು ಬರ್ತಾರೆ, ಸೀರೆ ಕುಚ್ಚು ಅವರಲ್ಲೇ ಒಬ್ಬರು ಕಟ್ತಾರೆ, ಆರಿ ವರ್ಕ್ ಮಾತ್ರ ಹೊರಗಡೆ ಪೀಸ್ ಲೆಕ್ಕದಲ್ಲಿ ಕೊಡ್ತಾಳೆ. ಕಟಿಂಗ್ ಬೇರೆಯವರ ಕೈಗೆ ಕೊಡಲ್ಲ, ಅದೊಂದು ಹಟ, ಆದ್ರೆ ಆ ಹಟದಿಂದಲೇ ಅವಳ ಫಿಟಿಂಗಿಗೆ ಹೆಸರು. ಲೈನಿಂಗ್ ಬ್ಲೌಸ್ ದಿನಕ್ಕೆ ಐದು ಆಗುತ್ತೆ. ಹಬ್ಬದ ಟೈಮಲ್ಲಿ ರಾತ್ರಿ ಹನ್ನೊಂದರ ತನಕ ಕೂತ್ರೆ ಏಳು, ಅದಕ್ಕಿಂತ ಒಂದೂ ಜಾಸ್ತಿ ಆಗಲ್ಲ. ಈ ಐದು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ನಾನು ಇಟ್ಕೊಳ್ಳದೇ ಎರಡು ತಿಂಗಳು ಹಾಳು ಮಾಡಿದ್ದು.

ಹಿಂದಿನ ವರ್ಷ ಯಾರೋ ಬಂದು ಆನ್‌ಲೈನಲ್ಲಿ ನಿಮ್ಮ ಬಿಸಿನೆಸ್ ಬೆಳೆಸಿಕೊಡ್ತೀವಿ ಅಂತ ಹೇಳಿ ತಿಂಗಳಿಗೆ 8,000 ರೂಪಾಯಿ ಹಂಗೆ ಐದು ತಿಂಗಳು ತಗೊಂಡಿದ್ರು. ಅದು 40,000. ಬೂಸ್ಟ್ ಮಾಡೋಕೆ, ಅಂದ್ರೆ ದುಡ್ಡು ಕೊಟ್ಟು ಪೋಸ್ಟನ್ನ ಜಾಸ್ತಿ ಜನಕ್ಕೆ ತೋರಿಸೋಕೆ ಅಂತ ಬೇರೆ 6,000. ಅವರು ಹಾಕಿದ ಪೋಸ್ಟುಗಳನ್ನ ಒಂದೊಂದಾಗಿ ನೋಡ್ದೆ. ಎಲ್ಲಾ ಎಲ್ಲಿಂದಲೋ ತೆಗೆದ ಮದುಮಗಳ ಫೋಟೋ, ಮೇಲೆ ಇಂಗ್ಲಿಷಲ್ಲಿ ನಾಲ್ಕು ಸಾಲು, ಕೆಳಗೆ ಇಪ್ಪತ್ತು ಹ್ಯಾಶ್‌ಟ್ಯಾಗು. ಅಕ್ಕ ಹೊಲಿದ ಒಂದೇ ಒಂದು ಬ್ಲೌಸ್ ಅದರಲ್ಲಿ ಇರ್ಲಿಲ್ಲ. ಫಾಲೋವರ್ಸ್ ಮೂರು ಸಾವಿರದ ಹತ್ತಿರ ಆಗಿದ್ರು ನಿಜ, ಆದ್ರೆ ಯಾವ ಊರಿನವರು ಅಂತ ಇನ್‌ಸೈಟ್ಸ್ ತೆಗೆದು ನೋಡಿದ್ರೆ ಮೇಲಿನ ಊರುಗಳಲ್ಲಿ ಒಂದೂ ಕರ್ನಾಟಕದ್ದಲ್ಲ. ಯಾವುದೋ ದೂರದ ಊರಲ್ಲಿ ಕೂತೋರು ಬಂದು ಅಳತೆ ಕೊಟ್ಟು, ಟ್ರಯಲ್ ನೋಡಿ, ಕಂಕುಳ ಹತ್ರ ಬಿಗಿ ಆಗ್ತಿದೆ ಅಂತ ಮತ್ತೆ ಬಿಚ್ಚಿಸೋಕಾಗುತ್ತಾ? ಬ್ಲೌಸ್ ಅನ್ನೋದು ಆಟೋದಲ್ಲಿ ಬಂದು ಹೋಗೋ ದೂರದ ವ್ಯಾಪಾರ. ಆ ದೂರದ ಆಚೆ ಎಷ್ಟು ಜನ ಮೆಚ್ಚಿದ್ರೂ ಅಕ್ಕನ ಗಲ್ಲಾಪೆಟ್ಟಿಗೆಗೆ ಏನೂ ಬರಲ್ಲ, ಬದಲಿಗೆ ಅವರೆಲ್ಲ ಕೇಳೋ "ಪ್ರೈಸ್ ಪ್ಲೀಸ್"ಗೆ ಉತ್ತರ ಬರೀತಾ ಕೂರೋ ಕೆಲಸ ಮಾತ್ರ ಜಾಸ್ತಿ ಆಗುತ್ತೆ.

ಇಷ್ಟು ತಿಳಿದಿದ್ದೂ ನಾನು ಮೊದಲು ಮಾಡಿದ್ದು ಅದೇ ದಾರೀದು. ಆಫೀಸಲ್ಲಿ ಕ್ಲೈಂಟುಗಳಿಗೆ ಮಾಡೋ ಹಂಗೇ ಅಕ್ಕನಿಗೂ ಒಂದು ಕ್ಯಾಲೆಂಡರ್ ಮಾಡ್ಕೊಟ್ಟೆ, ವಾರಕ್ಕೆ ಮೂರು ರೀಲ್ಸು, ದಿನಾ ಎರಡು ಸ್ಟೇಟಸ್ಸು, ವಾಟ್ಸಾಪ್ ಬಿಸಿನೆಸ್‌ನಲ್ಲಿ 42 ಡಿಸೈನಿನ ಕ್ಯಾಟಲಾಗು. ಅಕ್ಕ ಶ್ರದ್ಧೆಯಿಂದ ಹನ್ನೊಂದು ದಿನ ಮಾಡಿದ್ಲು. ಹನ್ನೆರಡನೇ ದಿನ ಫೋನ್ ಮಾಡಿದಾಗ ಗಂಟಲು ಕಟ್ಟಿತ್ತು, ಒಬ್ಬ ಮದುಮಗಳ ರಿಸೆಪ್ಷನ್ ಬ್ಲೌಸು ಒಂದು ದಿನ ಲೇಟಾಗಿ, ಅವರ ತಾಯಿ ಅಂಗಡಿ ಮುಂದೆ ನಿಂತು ಬೈದು ಹೋಗಿದ್ರಂತೆ. "ನಿನ್ನ ಕೆಲಸ ಮಾಡ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ ಹೇಳು" ಅಂದ್ಲು. ಅವಳು ಸಿಟ್ಟಲ್ಲಿ ಅಂದಿದ್ದಲ್ಲ, ನಿಜವಾಗ್ಲೂ ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ಕಟಿಂಗ್ ಟೇಬಲ್ ಮುಂದೆ ನಿಂತು ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಕೊಂಡಿರೋ ಹೆಂಗಸಿಗೆ ರೀಲ್ ಮಾಡು ಅಂತ ಹೇಳಿದ್ದೆ ನಾನು.

ಮಾರ್ಚಲ್ಲಿ ಒಂದು ಭಾನುವಾರ ರೈಲು ಹತ್ತಿ ಹೋಗಿ, ಫೋನ್ ಮುಟ್ಟದೇ, ಅವಳ ಎರಡು ವರ್ಷದ ಬಿಲ್ ಬುಕ್ಕುಗಳನ್ನ ನೆಲದ ಮೇಲೆ ಹರಡ್ಕೊಂಡು ಕೂತ್ವಿ. ಕಾರ್ಬನ್ ಹಾಕಿ ಬರೆಯೋ ಬುಕ್ಕು, ಪ್ರತಿ ಬಿಲ್ಲಿನ ಮೂಲೇಲಿ ಬ್ಲೌಸ್ ಪೀಸಿನ ಒಂದು ಚೂರು ಪಿನ್ ಮಾಡಿರುತ್ತೆ, ಯಾರದು ಯಾವುದು ಅಂತ ಗೊತ್ತಾಗ್ಲಿ ಅಂತ. ವಾರಕ್ಕೆ ಎಷ್ಟು ಬ್ಲೌಸ್ ಬಂತು ಅಂತ ಎಣಿಸ್ತಾ ಹೋದ್ವಿ, ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಪಕ್ಕದಲ್ಲಿಟ್ಟು. ಆಗ ಕಂಡಿದ್ದು ಇಡೀ ಪ್ರಕರಣದ ಗಂಟು. 2024ರ ಆಷಾಢ, ಅಂದ್ರೆ ಜುಲೈ 6ರಿಂದ ಆಗಸ್ಟ್ 4ರ ತನಕ, ಬಂದಿದ್ದು ಬರೀ 38 ಬ್ಲೌಸು. ಮುಂದಿನ ದಿನವೇ ಶ್ರಾವಣ ಶುರು, ಆಗಸ್ಟ್ 16ಕ್ಕೆ ವರಮಹಾಲಕ್ಷ್ಮಿ ಹಬ್ಬ, ಮಧ್ಯದಲ್ಲಿ ಇರೋದು ಹನ್ನೊಂದು ದಿನ, ಆ ಹನ್ನೊಂದು ದಿನದಲ್ಲಿ ನೂರಾ ಮೂವತ್ತರ ಹತ್ರ ಬ್ಲೌಸ್ ತಗೊಂಡಿದ್ಲು. ದಿನಕ್ಕೆ ಏಳು ಹೊಲಿದ್ರೂ ಎಪ್ಪತ್ತೇಳು! ಉಳಿದಿದ್ದು ಹೊರಗಡೆ ಕೊಟ್ಟು, ಅದು ಸರಿ ಬರದೇ, ಹಬ್ಬದ ದಿನ ಬೆಳಗ್ಗೆ ಕಲಶ ಕೂರಿಸೋ ಹೊತ್ತಲ್ಲೂ ಜನ ಬಾಗಿಲಲ್ಲಿ ನಿಂತಿದ್ರಂತೆ. ಆ ವಾರ ಸಿಟ್ಟು ಮಾಡ್ಕೊಂಡು ಹೋದೋರು ತುಂಬಾ ಜನ ವಾಪಸ್ ಬಂದಿಲ್ಲ, ಬಿಲ್ ಬುಕ್ಕಲ್ಲಿ ಅವರ ಹೆಸರು ಅಲ್ಲಿಗೇ ನಿಂತೋಗಿದೆ.

ಅಂದ್ರೆ ಕಷ್ಟ ಇದ್ದಿದ್ದು ಗಿರಾಕಿ ಇಲ್ಲ ಅನ್ನೋದರಲ್ಲಿ ಅಲ್ಲವೇ ಅಲ್ಲ, ಎಲ್ಲರೂ ಒಂದೇ ಹದಿನೈದು ದಿನದಲ್ಲಿ ಬರ್ತಾರೆ ಅನ್ನೋದರಲ್ಲಿ. ಶ್ರಾವಣದಲ್ಲಿ ಇನ್ನೂ ಜನರನ್ನ ಕರೆದ್ರೆ ಅದು ಉರಿಯೋ ಒಲೆಗೆ ಸೌದೆ ಹಾಕಿದ ಹಂಗೆ. ಆಷಾಢದಲ್ಲಿ ಮಷೀನು ಸುಮ್ನೆ ಕೂತಿರುತ್ತೆ, ಹೆಮ್ಮಿಂಗ್ ಮಾಡೋ ಆ ಇಬ್ಬರು ಹೆಂಗಸರಿಗೆ ಸಂಬಳ ಮಾತ್ರ ಕೊಡಲೇಬೇಕು, ಮಳಿಗೆ ಬಾಡಿಗೆ ಕಟ್ಟಲೇಬೇಕು. ಹಂಗಾಗಿ ನಾವು ಮಾಡ್ಬೇಕಾಗಿದ್ದ ಮಾರ್ಕೆಟಿಂಗ್ ಇಷ್ಟೇ: ಶ್ರಾವಣದ ಗಿರಾಕಿಯಲ್ಲಿ ಅರ್ಧ ಜನರನ್ನ ಆಷಾಢಕ್ಕೆ ಎಳ್ಕೊಂಡು ಬರೋದು. ಅಷ್ಟಕ್ಕೆ ವಾರಕ್ಕೆ ಮೂರು ರೀಲ್ಸ್ ಯಾಕೆ ಬೇಕು?

ಇನ್ನೊಂದು ವಿಷಯನೂ ಬಿಲ್ ಬುಕ್ಕಿಂದಲೇ ಹೊಳೀತು. ಆಷಾಢದಲ್ಲಿ ನಮ್ಮ ಕಡೆ ಸೀರೆ ಅಂಗಡಿಗಳೆಲ್ಲ ಡಿಸ್ಕೌಂಟ್ ಸೇಲ್ ಹಾಕ್ತವೆ, ಜನ ಹಬ್ಬದ ಸೀರೆ ಆವಾಗಲೇ ತಗೊಂಡಿರ್ತಾರೆ. ಸೀರೆ ಬೀರುವಲ್ಲಿ ಇರುತ್ತೆ, ಬ್ಲೌಸ್ ಪೀಸ್ ಅದರ ಮಡಿಕೆಯಲ್ಲೇ ಇರುತ್ತೆ, ಹೊಲಿಯೋಕೆ ಕೊಡೋದು ಮಾತ್ರ ಶ್ರಾವಣಕ್ಕೆ. ಜೊತೆಗೆ ಹೊಸದಾಗಿ ಮದುವೆ ಆದ ಹೆಣ್ಣುಮಕ್ಕಳು ಆಷಾಢಕ್ಕೆ ತವರಿಗೆ ಬಂದಿರ್ತಾರೆ, ಅವರ ಅಮ್ಮಂದಿರು ಅಕ್ಕನ ಹಳೇ ಗಿರಾಕಿಗಳು. ಬೇಕಾದ ಜನ, ಬೇಕಾದ ಬಟ್ಟೆ, ಪುರುಸೊತ್ತು, ಮೂರೂ ಆಷಾಢದಲ್ಲೇ ಇವೆ. ಯಾರೂ ಅವರಿಗೆ ಈಗ್ಲೇ ಕೊಡಿ ಅಂತ ಹೇಳಿಲ್ಲ ಅಷ್ಟೇ.

ಅಲ್ಲಿಂದ ಎಲ್ಲ ಕಡಿಮೆ ಮಾಡ್ತಾ ಬಂದ್ವಿ. ಮೊದಲು ಫೋನು. ಮನೆ ನಂಬರ್ರೂ ಅಂಗಡಿ ನಂಬರ್ರೂ ಒಂದೇ ಆಗಿತ್ತು, ಮಗನ ಕಾಲೇಜಿನ ಗ್ರೂಪು, ಸಂಬಂಧಿಕರ ಗುಡ್ ಮಾರ್ನಿಂಗು, ಗಿರಾಕಿಯ ಅಳತೆ, ಎಲ್ಲ ಒಂದೇ ರಾಶಿ. ಹೊಸ ನಂಬರ್ ತಗೊಂಡ್ರೆ ಹಳೇ ಗಿರಾಕಿಗಳು ತಪ್ಪಿ ಹೋಗ್ತಾರೆ ಅಂತ ಹಳೇ ನಂಬರನ್ನೇ ಅಂಗಡಿಗೆ ಬಿಟ್ಟು, ಮನೆಗೆ ಹೊಸ ಸಿಮ್ ತಗೊಂಡ್ವಿ. ಹಳೇ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಹಾಕಿ ಆ ಫೋನನ್ನ ಟೇಬಲ್ ಡ್ರಾವರಿನಲ್ಲಿಟ್ವಿ, ಸೈಲೆಂಟಲ್ಲಿ. ದಿನಕ್ಕೆ ಮೂರು ಸಲ ಮಾತ್ರ ತೆಗೆಯೋದು, ಬೆಳಗ್ಗೆ ಹತ್ತಕ್ಕೆ, ಊಟ ಆದ್ಮೇಲೆ ಎರಡೂವರೆಗೆ, ರಾತ್ರಿ ಎಂಟೂವರೆಗೆ. ಯಾರಾದ್ರೂ ಮೊದಲನೇ ಸಲ ಮೆಸೇಜ್ ಹಾಕಿದ್ರೆ ತಾನಾಗೇ ಹೋಗೋ ಉತ್ತರದಲ್ಲಿ ಇದನ್ನೇ ಬರೆದ್ವಿ: "ನಮಸ್ತೆ, ನಾನು ಹೊಲಿಗೆ ಮೇಲೆ ಕೂತಿರ್ತೀನಿ, ದಿನಕ್ಕೆ ಮೂರು ಸಲ ಮೆಸೇಜ್ ನೋಡ್ತೀನಿ, ಖಂಡಿತ ಉತ್ತರ ಕೊಡ್ತೀನಿ. ಸೀರೆ ಫೋಟೋ ಹಾಕಿ, ಯಾವ ತಾರೀಕಿಗೆ ಬೇಕು ಹೇಳಿ, ಅಳತೆ ಬ್ಲೌಸ್ ಇದೆಯಾ ಹೇಳಿ." ಈ ಮೂರು ಪ್ರಶ್ನೆಗೆ ಉತ್ತರ ಕೊಟ್ಟೋರು ನಿಜವಾಗ್ಲೂ ಹೊಲಿಸೋರು. ಸುಮ್ನೆ ರೇಟ್ ಕೇಳೋಕೆ ಬಂದೋರು ಅಲ್ಲೇ ನಿಲ್ತಾರೆ. ಮೊದಲು ಒಂದು ಆರ್ಡರಿಗೆ ಹದಿನೈದು ಇಪ್ಪತ್ತು ಮೆಸೇಜ್ ಆಗ್ತಿದ್ದಿದ್ದು ಐದಾರಕ್ಕೆ ಇಳೀತು.

ಕ್ವಿಕ್ ರಿಪ್ಲೈ ಅಂತ ಒಂದಿದೆ, ಸ್ಲ್ಯಾಶ್ ಒತ್ತಿದ್ರೆ ಮೊದಲೇ ಬರೆದಿಟ್ಟಿದ್ದೆಲ್ಲ ಕೆಳಗೆ ಬರುತ್ತೆ, ಮುಟ್ಟಿ ಕಳಿಸಿದ್ರೆ ಆಯ್ತು. ಆರು ಬರೆದಿಟ್ವಿ, ರೇಟ್ ಪಟ್ಟಿ, ಅಂಗಡಿಗೆ ದಾರಿ, ಅಡ್ವಾನ್ಸ್ ವಿಷಯ, ಟ್ರಯಲಿಗೆ ಬನ್ನಿ, ರೆಡಿ ಇದೆ, ಈ ತಾರೀಕಿಗೆ ಆಗಲ್ಲ. ಈ ಕೊನೇದನ್ನ ಬರೆಯೋಕೆ ಅಕ್ಕನಿಗೆ ಎಷ್ಟು ಕಷ್ಟ ಆಯ್ತು ಅಂದ್ರೆ ಅರ್ಧ ಗಂಟೆ ಕೂತ್ಲು, ಇಲ್ಲ ಅಂತ ಹೇಳಿ ಅಭ್ಯಾಸನೇ ಇಲ್ಲ ಅವಳಿಗೆ. ಲೇಬಲ್ಲುಗಳಿಗೂ ಅವಳ ಮಾತಲ್ಲೇ ಹೆಸರಿಟ್ವಿ, ಅಳತೆ ಬಂತು, ಕಟಿಂಗ್ ಆಯ್ತು, ಟ್ರಯಲ್, ರೆಡಿ, ದುಡ್ಡು ಬಾಕಿ. ಅರ್ಧ ದುಡ್ಡು ಯುಪಿಐನಲ್ಲಿ ಬಂದ್ರೆ ಮಾತ್ರ ತಾರೀಕು ಕೊಡೋದು ಅಂತ ಮಾಡಿದ್ವಿ, ಅದಾದ್ಮೇಲೆ "ಹೊಲಿದಿಟ್ಟು ಆರು ತಿಂಗಳಾದ್ರೂ ತಗೊಂಡು ಹೋಗಿಲ್ಲ" ಅನ್ನೋ ಬ್ಲೌಸುಗಳ ಗಂಟು ಬೆಳೆಯೋದು ನಿಂತೋಯ್ತು. 42 ಡಿಸೈನಿನ ಕ್ಯಾಟಲಾಗ್ ತೆಗೆದು ಆರು ಇಟ್ವಿ, ಆರೂ ಅವಳೇ ಹೊಲಿದಿದ್ದು.

ಆಮೇಲೆ ಗೂಗಲ್. ನನ್ನ ಕೇಳಿದ್ರೆ ಊರೊಳಗಿನ ಸಣ್ಣ ಅಂಗಡಿಗೆ ಇದಕ್ಕಿಂತ ಮೇಲು ಬೇರೆ ಯಾವುದೂ ಇಲ್ಲ, ಯಾಕಂದ್ರೆ ಗೂಗಲ್‌ನಲ್ಲಿ ಬ್ಲೌಸ್ ಹೊಲಿಯೋರು ಹತ್ತಿರ ಯಾರಿದ್ದಾರೆ ಅಂತ ಹುಡುಕೋಳ ಕೈಯಲ್ಲಿ ಆಗಲೇ ಬ್ಲೌಸ್ ಪೀಸ್ ಇರುತ್ತೆ. ಅದೂ ಪುಕ್ಕಟೆ. ಆದ್ರೆ ಅಕ್ಕನ ಅಂಗಡಿಯ ಪ್ರೊಫೈಲು, ಅಂದ್ರೆ ಗೂಗಲ್‌ನಲ್ಲಿ ಹುಡುಕಿದಾಗ ಅಂಗಡಿ ಹೆಸರು, ಟೈಮಿಂಗ್ ಎಲ್ಲ ಕಾಣೋ ಪುಟ, ಅದನ್ನ ಆ 40,000 ತಗೊಂಡ ಹಿಂದಿನೋರು ತಮ್ಮ ಈಮೇಲಲ್ಲಿ ಮಾಡಿಟ್ಟಿದ್ರು. ತನ್ನ ಅಂಗಡಿಯ ಟೈಮಿಂಗ್ ಬದಲಾಯಿಸೋ ಹಕ್ಕು ಅವಳಿಗೇ ಇರ್ಲಿಲ್ಲ! ಹೆಸರಿನ ಮುಂದೆ "ಬೆಸ್ಟ್ ಬೊಟಿಕ್ ಇನ್ ತುಮಕೂರು" ಅಂತ ಬೇರೆ ಸೇರಿಸಿದ್ರು, ಗೂಗಲ್ ನಿಯಮದಲ್ಲಿ ಹಂಗೆ ಸೇರಿಸೋ ಹಾಗಿಲ್ಲ, ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು ಇರ್ಬೇಕು, ಇಲ್ಲಾಂದ್ರೆ ಪ್ರೊಫೈಲೇ ಸಸ್ಪೆಂಡ್ ಆಗ್ಬಹುದು. ಮಾಲೀಕತ್ವ ಕೊಡಿ ಅಂತ ಪ್ರೊಫೈಲಿಂದಲೇ ರಿಕ್ವೆಸ್ಟ್ ಹಾಕಿದ್ವಿ, ಅವರಿಂದ ಉತ್ತರ ಬರ್ಲಿಲ್ಲ, ಆಮೇಲೆ ಗೂಗಲ್ ವಿಡಿಯೋ ಕಳಿಸಿ ಅಂತು. ಯಾರಿಗೆ ಹೊಸದಾಗಿ ಇದು ಮಾಡ್ಬೇಕೋ ಅವರಿಗೆ ಹೇಳ್ತೀನಿ, ವಿಡಿಯೋ ಎಲ್ಲೂ ಕಟ್ ಮಾಡದೇ ಒಂದೇ ಸಲ ತೆಗೀಬೇಕು, ರಸ್ತೆ ಕಾಣ್ಬೇಕು, ಬೋರ್ಡ್ ಕಾಣ್ಬೇಕು, ಅಂಗಡಿ ನಿಮ್ಮದೇ ಅಂತ ತೋರಿಸ್ಬೇಕು. ಅಕ್ಕ ಒಂದು ಕೈಯಲ್ಲಿ ಫೋನ್ ಹಿಡ್ಕೊಂಡು ರಸ್ತೆ ತಿರುವಿಂದ ನಡ್ಕೊಂಡು ಬಂದು, ಬೋರ್ಡ್ ತೋರಿಸಿ, ಇನ್ನೊಂದು ಕೈಯಲ್ಲಿ ಬೀಗ ತೆಗೆದು ಶಟರ್ ಎತ್ತಿ, ಒಳಗೆ ಹೋಗಿ ಮಷೀನು, ಬಿಲ್ ಬುಕ್ಕು, ಎಲ್ಲಾ ತೋರಿಸಿದ್ಲು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಪ್ರೊಫೈಲ್ ಕೈಗೆ ಬಂದ ದಿನ ಅವಳು ನಂಗೆ ಹಾಕಿದ ಮೆಸೇಜು "ನನ್ನ ಅಂಗಡಿ ನಂಗೆ ಸಿಕ್ತು ಕಣೇ".

ಗೂಗಲ್‌ನವರೇ ಹೇಳೋ ಪ್ರಕಾರ ಹತ್ತಿರದ ಅಂಗಡಿ ತೋರಿಸುವಾಗ ಅವರು ನೋಡೋದು ಮುಖ್ಯವಾಗಿ ಮೂರು, ಹುಡುಕಿದ್ದಕ್ಕೂ ಅಂಗಡಿಗೂ ಹೊಂದುತ್ತಾ, ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ದೂರ ನಮ್ಮ ಕೈಲಿಲ್ಲ. ಹೊಂದೋದಕ್ಕೆ ಅಂತ ವಿಭಾಗವನ್ನ ಬೊಟಿಕ್ ಅನ್ನೋದರಿಂದ ಟೈಲರ್‌ಗೆ ಬದಲಾಯಿಸಿ, ಬ್ಲೌಸ್, ಆರಿ ವರ್ಕ್, ಸೀರೆ ಕುಚ್ಚು, ಫಾಲ್ಸ್ ಜಿಗ್‌ಜಾಗ್ ಅಂತ ಒಂದೊಂದೂ ಸರ್ವೀಸಲ್ಲಿ ಬರೆದ್ವಿ. ಹೆಸರಿಗೆ ರಿವ್ಯೂ ಬೇಕು. ಆಗ ಇದ್ದಿದ್ದು ಏಳು. ರಿವ್ಯೂ ಬರೆದ್ರೆ ಐವತ್ತು ರೂಪಾಯಿ ಬಿಡ್ತೀವಿ ಅಂತ ಕೆಲವರು ಮಾಡ್ತಾರೆ, ಅದೂ ಗೂಗಲ್ ನಿಯಮಕ್ಕೆ ವಿರುದ್ಧ, ಮಾಡ್ಬೇಡಿ. ನಾವು ರಿವ್ಯೂನ ಕ್ಯೂಆರ್ ಪ್ರಿಂಟ್ ತೆಗೆಸಿ ಟ್ರಯಲ್ ರೂಮಿನ ಕನ್ನಡಿ ಪಕ್ಕ ಅಂಟಿಸಿದ್ವಿ. ಬ್ಲೌಸ್ ಹಾಕ್ಕೊಂಡು ಕನ್ನಡಿ ಮುಂದೆ ಬೆನ್ನು ತಿರುಗಿಸಿ ನೋಡಿ ಮುಖ ಅರಳುತ್ತಲ್ಲ, ಅದೇ ಹೊತ್ತು ಕೇಳೋದು. ದಸರಾ ಹೊತ್ತಿಗೆ 46 ಆಯ್ತು.

ಫೋಟೋ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಾನು ಇಷ್ಟು ವರ್ಷ ಕೆಲಸ ಮಾಡಿ ಕಲೀದೇ ಇದ್ದಿದ್ದನ್ನ ಅಕ್ಕ ಒಂದು ಮಾತಲ್ಲಿ ಕಲಿಸಿದ್ಲು. ನಾನು ಹಿಂದಿನ ನೆಕ್ಕಿನ ಡಿಸೈನು, ಡೋರಿ, ಗೊಂಡೆ, ಇವನ್ನೇ ತೆಗೀತಿದ್ದೆ. ಅವಳು ಒಂದು ಬ್ಲೌಸನ್ನ ಉಲ್ಟಾ ಮಾಡಿ ಟೇಬಲ್ ಮೇಲೆ ಹರಡಿ "ಇದನ್ನ ತೆಗಿ" ಅಂದ್ಲು. ಒಳಗಡೆ ಲೈನಿಂಗ್ ಎಲ್ಲೂ ಎಳೆ ಬಿಟ್ಟಿಲ್ಲ, ಪಕ್ಕದಲ್ಲಿ ಬಟ್ಟೆ ಮಡಚಿ ಬಿಟ್ಟು ಸಾಲಾಗಿ ಮೂರು ಹೊಲಿಗೆ, ಮುಂದೆ ಮೈ ಬಂದ್ರೆ ಒಂದೊಂದೇ ಹೊಲಿಗೆ ಬಿಚ್ಕೊಳ್ಳಬಹುದು. "ಹೆಂಗಸರು ಬ್ಲೌಸ್ ಕೈಗೆ ತಗೊಂಡ ತಕ್ಷಣ ಉಲ್ಟಾ ಮಾಡಿ ಇದನ್ನೇ ನೋಡೋದು ಕಣೇ, ಬಟ್ಟೆ ಬಿಟ್ಟಿದ್ದಾಳಾ ಇಲ್ವಾ ಅಂತ." ಆ ಫೋಟೋ ಗೂಗಲ್ಲಲ್ಲೂ ಸ್ಟೇಟಸ್ಸಲ್ಲೂ ಹಾಕಿದ್ವಿ. ಬೇರೆ ಯಾವ ಫೋಟೋಗೂ ಇಷ್ಟು ಜನ ಕೇಳಿರ್ಲಿಲ್ಲ. "ಹಿಂಗೆ ಒಳಗೆ ಬಿಟ್ಟು ಹೊಲೀತೀರಾ" ಅಂತ ಕೇಳ್ಕೊಂಡೇ ಬಂದೋರಿದ್ದಾರೆ.

ಈಗ ಆಷಾಢಕ್ಕೆ ಬರ್ತೀನಿ. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರು, ಜುಲೈ 24ಕ್ಕೆ ಭೀಮನ ಅಮಾವಾಸ್ಯೆ, ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ. ಹಳೇ ಗಿರಾಕಿಗಳಿಗೆ ವಾಟ್ಸಾಪಲ್ಲಿ ಬ್ರಾಡ್‌ಕಾಸ್ಟ್, ಅಂದ್ರೆ ಒಂದೇ ಮೆಸೇಜನ್ನ ಒಂದೇ ಸಲ ಎಲ್ಲರಿಗೂ, ಕಳಿಸೋದು ಅಂತ ತೀರ್ಮಾನ ಮಾಡಿ ಮೇ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಿದ್ವಿ, ನೋಡಿದ್ರೆ ತುಂಬಾ ಜನಕ್ಕೆ ಒಂದೇ ಟಿಕ್. ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ 256 ಜನರ ತನಕ ಹಾಕ್ಬಹುದು, ಆದ್ರೆ ಅವರ ಫೋನಲ್ಲಿ ನಮ್ಮ ನಂಬರ್ ಸೇವ್ ಆಗಿದ್ರೆ ಮಾತ್ರ ಮೆಸೇಜ್ ಮುಟ್ಟೋದು. ಆವತ್ತಿಂದ ಬಿಲ್ ಕೊಡುವಾಗೆಲ್ಲ ಅಕ್ಕ "ನಂಬರ್ ಸೇವ್ ಮಾಡ್ಕೊಳ್ಳಿ, ರೆಡಿ ಆದ ತಕ್ಷಣ ಮೆಸೇಜ್ ಹಾಕ್ತೀನಿ, ಸುಮ್ನೆ ಓಡಾಡ್ಬೇಡಿ" ಅನ್ನೋಕೆ ಶುರು ಮಾಡಿದ್ಲು. ಜನಕ್ಕೆ ಉಪಯೋಗ ಇದ್ದಿದ್ದಕ್ಕೆ ಅಲ್ಲೇ ನಿಂತು ಸೇವ್ ಮಾಡ್ಕೊಂಡ್ರು.

ಮೆಸೇಜ್ ನಾನು ಬರೆದುಕೊಟ್ಟೆ, ಆಷಾಢದ ವಿಶೇಷ ರಿಯಾಯಿತಿ, ಶೇಕಡಾ 20 ಕಡಿತ ಅಂತ. ಅಕ್ಕ ಓದಿ ಫೋನ್ ವಾಪಸ್ ಕೊಟ್ಲು. "ಕೂಲಿಗೆ ರಿಯಾಯಿತಿ ಏನೇ? ಸೀರೆ ಅಂಗಡಿಯೋರು ಹಳೇ ಸ್ಟಾಕ್ ಖಾಲಿ ಮಾಡ್ತಾರೆ, ನನ್ನ ಹತ್ರ ಯಾವ ಸ್ಟಾಕ್ ಇದೆ, ನನ್ನ ಬೆನ್ನು ತಾನೆ ಇರೋದು?" ಈ ಮಾತು ನಂಗೆ ಇವತ್ತಿಗೂ ಮರೆತಿಲ್ಲ. ಕೈಕೆಲಸ ಮಾಡೋರಿಗೆ ಆಫರ್ ಹಾಕಿ ಆಫರ್ ಹಾಕಿ ಅಂತ ಹೇಳೋರು ಒಂದು ಸಲ ಯೋಚನೆ ಮಾಡ್ಬೇಕು, ಆ ಕಡಿತ ಹೋಗೋದು ಯಾರ ಮೈಯಿಂದ ಅಂತ. ಕೊನೆಗೆ ಅವಳೇ ಹೇಳಿದ್ಲು, ನಾನು ಬರ್ಕೊಂಡೆ:

"ಆಷಾಢ ಸೇಲಲ್ಲಿ ಸೀರೆ ತಗೊಂಡಿದ್ರೆ ಬ್ಲೌಸ್ ಪೀಸ್ ಈಗ್ಲೇ ತಂದುಕೊಡಿ. ಈಗ ಕೊಟ್ರೆ ನಿಧಾನಕ್ಕೆ ಕೂತು, ಟ್ರಯಲ್ ನೋಡಿ, ಸರಿ ಮಾಡಿ ಕೊಡ್ತೀನಿ. ಶ್ರಾವಣ ಬಂದ್ಮೇಲೆ ಕೊಟ್ರೆ ವರಮಹಾಲಕ್ಷ್ಮಿಗೆ ಸಿಗುತ್ತೆ ಅಂತ ಮಾತು ಕೊಡೋಕಾಗಲ್ಲ, ಹೋದ್ಸಲ ಕೆಲವರಿಗೆ ಬೇಜಾರಾಗಿದೆ, ಈ ಸಲ ಆಗೋದು ಬೇಡ."

ಹೋದ್ಸಲ ಬೇಜಾರಾಗಿದೆ ಅನ್ನೋದನ್ನ ತೆಗಿ ಅಂದೆ ನಾನು. ಅವಳು ಬೇಡ ಇರ್ಲಿ ಅಂದ್ಲು. ಆಮೇಲೆ ನೋಡಿದ್ರೆ ಜನ ಉತ್ತರ ಕೊಟ್ಟಿದ್ದೇ ಆ ಸಾಲಿಗೆ, "ಹೌದು ಮೇಡಂ, ಹೋದ ವರ್ಷ ಹಳೇ ಬ್ಲೌಸ್ ಹಾಕ್ಕೊಂಡೇ ಪೂಜೆ ಮಾಡ್ದೆ, ನಾಳೆನೇ ತರ್ತೀನಿ" ಅಂತ. ಹೋದ ವರ್ಷ ಸಿಟ್ಟಾಗಿ ಹೋಗಿದ್ದೋರಲ್ಲೂ ನಾಲ್ಕು ಜನ ವಾಪಸ್ ಬಂದ್ರು. ಒಂದು ವಾರ ಬಿಟ್ಟು ಎರಡನೇ ಮೆಸೇಜು, ಮಗಳು ತವರಿಗೆ ಬಂದಿದ್ರೆ ಕರ್ಕೊಂಡು ಬನ್ನಿ, ಅಳತೆ ಹೊಸದಾಗಿ ತಗೋತೀನಿ ಅಂತ. ಅಷ್ಟೇ, ಆಷಾಢಕ್ಕೆ ಎರಡು.

ಜಾಹೀರಾತೂ ಒಂದು ಮಾಡಿದ್ವಿ. ಅಕ್ಕನ ಕೈ, ಕತ್ರಿ, ಬಟ್ಟೆ ಮೇಲಿನ ಸೀಮೆಸುಣ್ಣದ ಗೆರೆ, ಹಿಂದೆ ಅವಳದೇ ದನಿ, ಇಪ್ಪತ್ತು ಸೆಕೆಂಡ್ ವಿಡಿಯೋ, ಅಂಗಡಿ ಸುತ್ತ ಕೆಲವೇ ಕಿಲೋಮೀಟರಲ್ಲಿರೋ ಹೆಂಗಸರಿಗೆ ಮಾತ್ರ ಕಾಣೋ ಹಂಗೆ, ಒತ್ತಿದ್ರೆ ನೇರ ವಾಟ್ಸಾಪಿಗೆ ಬರೋ ಹಂಗೆ. ಜುಲೈ 1ರಿಂದ ಹತ್ತು ದಿನ, ದಿನಕ್ಕೆ 150, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 1,770 ರೂಪಾಯಿ. ಮೆಸೇಜ್ ಮಾಡಿದ್ದು 31 ಜನ, ಅಂಗಡಿಗೆ ಬಂದಿದ್ದು 9. ತಲೆಗೆ ಹತ್ರ ಹತ್ರ 200 ರೂಪಾಯಿ ಬಿತ್ತು. ಲೈನಿಂಗ್ ಬ್ಲೌಸಿಗೆ ಅಕ್ಕ ತಗೊಳ್ಳೋದು 550, ಅದರಲ್ಲಿ ಲೈನಿಂಗ್ ಬಟ್ಟೆ, ಹುಕ್ಕು, ಹೆಮ್ಮಿಂಗ್ ಕೂಲಿ ಕಳೀಬೇಕು. ಮಷೀನ್ ಸುಮ್ನೆ ಕೂತಿರೋ ಆಷಾಢದಲ್ಲಿ, ಹೊಸ ಗಿರಾಕಿ ಮತ್ತೆ ಮತ್ತೆ ಬರ್ತಾಳೆ ಅಂತ ನಂಬಿ, ಇದು ಪರವಾಗಿಲ್ಲ. ಸೀಸನ್ನಲ್ಲಿ ಇದೇ ಜಾಹೀರಾತು ಹಾಕಿದ್ರೆ ದುಡ್ಡು ಕೊಟ್ಟು ಬೈಸ್ಕೊಂಡ ಹಂಗೆ.

ಯಾವುದರಿಂದ ಎಷ್ಟು ಬಂತು ಅಂತ ಗೊತ್ತಾಗಿದ್ದು ಯಾವ ಆ್ಯಪಿಂದಲೂ ಅಲ್ಲ. ಬಿಲ್ಲಿನ ಮೂಲೇಲಿ ಒಂದಕ್ಷರ ಬರೆಯೋದು ಅಂತ ಮಾಡಿದ್ವಿ, ಮೆಸೇಜ್ ಅಥವಾ ಸ್ಟೇಟಸ್ ನೋಡಿ ಬಂದ್ರೆ ಮೆ, ಗೂಗಲ್ ಅಂದ್ರೆ ಗೂ, ಜಾಹೀರಾತು ಅಂದ್ರೆ ಜಾ, ಯಾರೋ ಹೇಳಿ ಬಂದ್ರೆ ಬಾ, ಬಾಯಿಮಾತು ಅಂತ. ಅಳತೆ ತಗೊಳ್ಳುವಾಗ ಹೆಂಗೂ ಮಾತಾಡ್ತಾ ಇರ್ತಾಳೆ, ಹೆಂಗೆ ಗೊತ್ತಾಯ್ತು ನಮ್ಮಂಗಡಿ ಅಂತ ಕೇಳೋದು ಅಷ್ಟೇ. ಆಷಾಢ ಮುಗಿದಾಗ 54 ಬಿಲ್ಲು, 91 ಬ್ಲೌಸು. ಮೆ 33, ಜಾ 9, ಗೂ 7, ಬಾ 5. ಹಿಂದಿನ ಆಷಾಢದ 38 ಎಲ್ಲಿ, 91 ಎಲ್ಲಿ! ಅದರಲ್ಲಿ ದೊಡ್ಡ ಪಾಲು ಒಂದು ಪೈಸೆ ಖರ್ಚಿಲ್ಲದ ಎರಡು ಮೆಸೇಜಿಂದ, ಅದೂ ಆಗಲೇ ಪರಿಚಯ ಇದ್ದ ಜನರಿಂದ.

ಶ್ರಾವಣದಲ್ಲಿ ಜುಲೈ 30ಕ್ಕೇ "ಹಬ್ಬದ ಆರ್ಡರ್ ಮುಗಿದಿದೆ, ಇನ್ನು ಗೌರಿ ಹಬ್ಬಕ್ಕೆ ಕೊಡಿ" ಅಂತ ಸ್ಟೇಟಸ್ ಹಾಕಿದ್ವಿ, ಗೂಗಲ್ಲಲ್ಲೂ ಹಾಕಿದ್ವಿ. ಗೌರಿ ಹಬ್ಬ ಆಗಸ್ಟ್ 26ಕ್ಕೆ ಇತ್ತು. ಬೇರೆ ಕಡೆ ಹೋಗ್ಬಿಡ್ತಾರೆ ಅಂತ ಅಕ್ಕನಿಗೆ ಭಯ. ಕೆಲವರು ಹೋದ್ರು ಕೂಡ. ಆದ್ರೆ ಗೌರಿ ಹಬ್ಬದ ತಾರೀಕು ತಗೊಂಡೋರೇ ಜಾಸ್ತಿ, ಮತ್ತೆ ವರಮಹಾಲಕ್ಷ್ಮಿ ದಿನ ಬೆಳಗ್ಗೆ ಅಂಗಡಿ ಬಾಗಿಲು ಹಾಕಿತ್ತು, ಅಕ್ಕ ಮನೇಲಿ ಕಲಶ ಕೂರಿಸ್ತಿದ್ಲು. ಎಷ್ಟೋ ವರ್ಷ ಆದ್ಮೇಲೆ ತಾನೇ ಕೂತು ಲಕ್ಷ್ಮಿಗೆ ಸೀರೆ ಉಡಿಸಿದ್ದು ಅಂತ ಫೋಟೋ ಕಳಿಸಿದ್ಲು.

ಎಲ್ಲಾ ಸರಿಹೋಯ್ತು ಅಂತ ಅಲ್ಲ. ಆಗಸ್ಟಲ್ಲೇ ಒಬ್ಬರಿಗೆ ಒಂದು ದಿನ ತಡ ಆಗಿ ಗೂಗಲ್ಲಲ್ಲಿ ಒಂದು ಸ್ಟಾರ್ ಕೊಟ್ರು, ಕೆಟ್ಟದಾಗಿ ಬರೆದ್ರು. ಅಕ್ಕ ರಾತ್ರಿ ನಿದ್ದೆ ಮಾಡ್ಲಿಲ್ಲ. ಅಳತೆ ಬ್ಲೌಸನ್ನ ಅವರೇ ಲೇಟಾಗಿ ಕೊಟ್ಟಿದ್ದು ಅಂತ ಬರೀಬೇಕು ಅಂತ ಅವಳಿಗೆ. ಒಂದು ದಿನ ಬಿಟ್ಟು ಬರೆದ್ವಿ, ಹೇಳಿದ ದಿನ ಕೊಡೋಕಾಗ್ಲಿಲ್ಲ, ತಪ್ಪು ನಮ್ಮದು, ಫಿಟಿಂಗ್ ಏನಾದ್ರೂ ಸರಿ ಮಾಡೋದಿದ್ರೆ ದಯವಿಟ್ಟು ಬನ್ನಿ ಅಂತ. ಅವರು ಬರ್ಲಿಲ್ಲ, ಸ್ಟಾರೂ ಬದಲಾಗ್ಲಿಲ್ಲ. ಆದ್ರೆ ಸೆಪ್ಟೆಂಬರಲ್ಲಿ ಹೊಸದಾಗಿ ಬಂದ ಒಬ್ಬ ಟೀಚರ್ "ಆ ಕೆಟ್ಟ ರಿವ್ಯೂಗೆ ನೀವು ಕೊಟ್ಟ ಉತ್ತರ ಓದಿ ಬಂದೆ" ಅಂದ್ರಂತೆ. ಇನ್‌ಸ್ಟಾಗ್ರಾಮ್ ಅಂತೂ ಹೆಚ್ಚುಕಮ್ಮಿ ಕೈಬಿಟ್ವಿ. ಪಿಯುಸಿ ಓದೋ ಮಗ ಭಾನುವಾರ ಒಂದು ಫೋಟೋ ಹಾಕ್ತಾನೆ, ಹಾಕದಿದ್ರೆ ಯಾರೂ ಕೇಳಲ್ಲ, ಬಯೋದಲ್ಲಿ ವಾಟ್ಸಾಪ್ ಮಾಡಿ ಅಂತ ಬರೆದಿದೆ.

ಪಕ್ಕದ ಬೀದಿ ಬಳೆ ಅಂಗಡಿಯೋರು ಇದನ್ನ ನೋಡಿ ತಾವೂ ಬ್ರಾಡ್‌ಕಾಸ್ಟ್ ಶುರು ಮಾಡಿದ್ರು, ಪಾಪ, ದಿನಾ ಬೆಳಗ್ಗೆ ಒಂದು. ಒಂದು ತಿಂಗಳಲ್ಲಿ ಜನ ಬ್ಲಾಕ್ ಮಾಡೋಕೆ ಶುರು ಮಾಡಿದ್ರು. ಅಕ್ಕ ಇಡೀ ವರ್ಷಕ್ಕೆ ಕಳಿಸಿದ್ದು ಏಳು ಮೆಸೇಜು, ಪ್ರತಿಯೊಂದರಲ್ಲೂ ಓದೋಳಿಗೆ ಗೊತ್ತಿರ್ಬೇಕಾದ ಒಂದು ತಾರೀಕು ಇತ್ತು. ದಿನಕ್ಕೆ ಎಲ್ಲಾ ಸೇರಿ ಫೋನಿಗೆ ಹೋಗೋದು 35 ನಿಮಿಷ, ಇದನ್ನ ನಾವು ಒಂದು ವಾರ ಗಡಿಯಾರ ಇಟ್ಟು ನೋಡಿದ್ವಿ. ಖರ್ಚು ಆ 1,770, ಕ್ಯೂಆರ್ ಪ್ರಿಂಟಿಗೆ ಒಂದಿಷ್ಟು, ಹೊಸ ಸಿಮ್ಮಿನ ರೀಚಾರ್ಜು. ಬೇಕರಿಗೋ, ಮೊಬೈಲ್ ರಿಪೇರಿಗೋ ಇದೇ ತಿಂಗಳುಗಳು, ಇದೇ ಮೆಸೇಜುಗಳು ಹೊಂದಲ್ಲ, ಅವರವರ ಬಿಲ್ ಬುಕ್ ಹರಡ್ಕೊಂಡು ಯಾವಾಗ ಕೈ ಖಾಲಿ, ಯಾವಾಗ ಕೈ ಸಾಲಲ್ಲ ಅಂತ ಎಣಿಸ್ಕೊಳ್ಳಬೇಕು, ಆಮೇಲೆ ಫೋನ್ ಮುಟ್ಟಬೇಕು.

ಡಿಸೆಂಬರ್ ಮೊದಲನೇ ವಾರ ಅಕ್ಕನ ಮೆಸೇಜ್ ಬಂತು. ಧನುರ್ಮಾಸದಲ್ಲೂ ಆಷಾಢದ ಹಂಗೇ ಮದುವೆ ಇರಲ್ಲ, ಅಂಗಡಿ ತಣ್ಣಗಿರುತ್ತೆ, ಅದಕ್ಕೆ ಏನು ಮಾಡೋಣ ಅಂತ ನಾನಿನ್ನೂ ಕೇಳೇ ಇರ್ಲಿಲ್ಲ, ಅವಳೇ ಬರೆದು, ಕಳಿಸಿಯೂ ಆಗಿತ್ತು, ನಂಗೂ ಲಿಸ್ಟಲ್ಲಿ ಬಂದಿದ್ದು ಅಷ್ಟೇ:

"ಸಂಕ್ರಾಂತಿ ಆದ್ಮೇಲೆ ಮನೇಲಿ ಮದುವೆ ಇದ್ರೆ ಧನುರ್ಮಾಸದಲ್ಲೇ ಅಳತೆ ಕೊಟ್ಟುಬಿಡಿ. ಆರಿ ವರ್ಕಿಗೆ ಟೈಮ್ ಬೇಕು, ಅವಸರ ಮಾಡಿದ್ರೆ ಮಣಿ ಉದುರುತ್ತೆ. ಜನವರಿ 10ರ ತನಕ ಮಧ್ಯಾಹ್ನ ಪುರುಸೊತ್ತಾಗಿರ್ತೀನಿ, ಮದುಮಗಳನ್ನ ಕರ್ಕೊಂಡು ಬನ್ನಿ, ಕೂತು ಮಾತಾಡೋಣ."